ಪರದೆ ಮುಂದಿನ ಐದು ನಿಮಿಷ

ಹುಬ್ಬಳ್ಳಿ-ಧಾರವಾಡದ ಹಾಸ್ಯ ಸಂಜೆಗಳಿಗೆ ಹೋದವರಿಗೆ ಈ ನೋಟ ಗೊತ್ತು. ವೇದಿಕೆ ಮೇಲೆ ಒಂದು ಮೈಕು, ಒಬ್ಬ ಮನುಷ್ಯ, ಎದುರಿಗೆ ನಗಲಿಕ್ಕೆಂದೇ ಬಂದು ಕೂತ ಮಂದಿ. ಈಗ ಇದಕ್ಕೆ ಸ್ಟ್ಯಾಂಡ್‌ಅಪ್ ಕಾಮಿಡಿ ಅನ್ನುತ್ತಾರೆ. ಹೆಸರು ಹೊಸದು, ಕಸುಬು ಹಳೆಯದು.

ಕಂಪನಿ ನಾಟಕಗಳ ಕಾಲಕ್ಕೆ ಹೋಗೋಣ. ಅರಮನೆ ಸೀನು ಮುಗಿದು ಕಾಡಿನ ಸೀನು ಬರಬೇಕು. ಒಳಗೆ ಸಾಮಾನು ಎಳೆದಾಡಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಜನ ಎದ್ದು ಹೋಗಬಾರದು. ಆಗ ಮುಂದಿನ ಪರದೆ ಇಳಿಸಿ ಹಾಸ್ಯನಟನನ್ನು ಹೊರಗೆ ಬಿಡುತ್ತಿದ್ದರು. ರಾಜನ ಪಾತ್ರದವನು ಗ್ರಾಂಥಿಕ ಕನ್ನಡ ಆಡಿದರೆ ಇವನು ಆಡುತ್ತಿದ್ದದ್ದು ಆ ಊರಿನ ಮಾತು. ಪರದೆ ಮುಂದಿನ ಆ ಐದು ನಿಮಿಷವೇ ನಮ್ಮ ಸ್ಟ್ಯಾಂಡ್‌ಅಪ್‌ನ ಹುಟ್ಟು ಎಂದು ನನಗನ್ನಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಶ್ರೀಕೃಷ್ಣ ಪಾರಿಜಾತದ ದೂತಿ ಸಿಗುತ್ತಾಳೆ. ಭಾಗವತನ ಜೊತೆ ಕೊಂಕು ಮಾತಾಡುತ್ತ ದೇವರ ಸಂಸಾರವನ್ನೇ ಚೇಷ್ಟೆ ಮಾಡುವವಳು ಅವಳು.

ಈ ರಂಗಭೂಮಿಗೆ ಗಡಿಯಾಚೆಯ ಕೊಡುಕೊಳ್ಳುವಿಕೆಯೂ ಉಂಟು. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ಆಡಿದ್ದನ್ನು ಕಂಡ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು. ಮುಂದೆ ಮರಾಠಿ ಕಂಪನಿಗಳು ನಮ್ಮೂರುಗಳನ್ನು ತುಂಬಿಕೊಂಡಾಗ, ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಕಟ್ಟಲು ಹಟ ತೊಟ್ಟರು.

ಅದೇ ದಾರಿಯಲ್ಲಿ ಬಂದವರು ಯಶವಂತ ಸರದೇಶಪಾಂಡೆ. ವಿಜಯಪುರ ಜಿಲ್ಲೆಯ ಉಕ್ಕಲಿಯವರು, ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತು ಹುಬ್ಬಳ್ಳಿಯಲ್ಲಿ ನೆಲೆ ನಿಂತರು. ಮರಾಠಿಯಿಂದ ತಂದ 'ಆಲ್ ದ ಬೆಸ್ಟ್' ಅವರನ್ನು ಮನೆಮಾತಾಗಿಸಿತು. 'ರಾಶಿಚಕ್ರ'ದಲ್ಲಂತೂ ಅವರೊಬ್ಬರೇ ನಿಂತು ಹನ್ನೆರಡು ರಾಶಿಯವರ ಸ್ವಭಾವ ಆಡಿ ತೋರಿಸುತ್ತಿದ್ದರು. ಪರದೆ ಮುಂದಿನ ಐದು ನಿಮಿಷ ಇಡೀ ಸಂಜೆಯಾಗಿ ಬೆಳೆದಿತ್ತು.

ಇದರಲ್ಲಿ ಭಾಷೆಯ ಪ್ರಶ್ನೆ ಇದೆ. ಬಹುಕಾಲ ಸಿನಿಮಾದಲ್ಲಿ ನಮ್ಮ ಮಾತು ಬರುತ್ತಿದ್ದದ್ದು ಹೆಚ್ಚಾಗಿ ಹಳ್ಳಿ ಗಮಾರನ ಬಾಯಲ್ಲಿ. 'ಯಾಕ್ರೀ' ಅಂದರೆ ಸಾಕು, ಜನ ನಗುತ್ತಿದ್ದರು, ಜೋಕೇ ಬೇಕಿರಲಿಲ್ಲ. ಬೀಚಿಯವರ ತಿಮ್ಮನ ಮಾತುಗಳನ್ನು ಊರೂರಿಗೆ ಒಯ್ದ ಗಂಗಾವತಿಯ ಪ್ರಾಣೇಶ್ ಮತ್ತು ಹುಬ್ಬಳ್ಳಿಯ ಸರದೇಶಪಾಂಡೆ ಇದನ್ನು ತಿರುಗಿಸಿದರು. ಇವರ ವೇದಿಕೆಯಲ್ಲಿ ಆ ಮಾತು ಆಡುವವನೇ ಶಾಣ್ಯಾ, ಲೋಕವನ್ನು ಅಳೆಯುವವನು. 2005ರಲ್ಲಿ ರಮೇಶ್ ಅರವಿಂದ್ ನಿರ್ದೇಶನದ 'ರಾಮ ಶಾಮ ಭಾಮ' ಬಂದಾಗ ಕಮಲ ಹಾಸನ್ ಹುಬ್ಬಳ್ಳಿ ಕನ್ನಡ ಆಡಿದರು. ಅದಕ್ಕೆ ಸಂಭಾಷಣೆ ಬರೆದವರು ಸರದೇಶಪಾಂಡೆ. ತಮಿಳಿನ ಮೂಲ ಚಿತ್ರ 'ಸತಿ ಲೀಲಾವತಿ'ಯಲ್ಲಿ ಕೊಯಮತ್ತೂರಿನ ಮಾತಿಗಿದ್ದ ಜಾಗ ಇಲ್ಲಿ ನಮ್ಮ ಮಾತಿಗೆ ಸಿಕ್ಕಿತು.

ಆದರೂ ಲೆಕ್ಕ ಪೂರಾ ಚುಕ್ತಾ ಆಗಿಲ್ಲ. ಮಾತನ್ನು ಗೆದ್ದ ಹಾಸ್ಯಗಾರ ಆ ಮಾತಿನೊಳಗೇ ಸಿಕ್ಕಿಬೀಳುತ್ತಾನೆ. ಬೆಂಗಳೂರಿನವರು ಕರೆದಾಗೆಲ್ಲ 'ನಿಮ್ ಭಾಷಾದಾಗೇ ಮಾತಾಡ್ರಿ' ಎಂಬ ಬೇಡಿಕೆ ಜೊತೆಗೇ ಬರುತ್ತದೆ. ಗಂಭೀರ ಪಾತ್ರಕ್ಕೆ ಅದೇ ಭಾಷೆಯವನನ್ನು ಕರೆಯುವುದು ಅಪರೂಪ.

ಇನ್ನೊಂದು ಪ್ರಶ್ನೆ, ನಾವು ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದು. 'ಆಲ್ ದ ಬೆಸ್ಟ್'ನ ಮೂವರು ಗೆಳೆಯರಲ್ಲಿ ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿ ಇಲ್ಲ, ಒಬ್ಬನಿಗೆ ಮಾತಿಲ್ಲ. ಒಬ್ಬಳೇ ಹುಡುಗಿಯ ಮುಂದೆ ಅದನ್ನು ಮುಚ್ಚಿಡಲು ಮೂವರೂ ಪಡುವ ಪೇಚಾಟವೇ ನಾಟಕ. ನಗು ಹುಟ್ಟುವುದು ಅವರ ಕೊರತೆಯಿಂದಲೋ, ಮುಚ್ಚಿಡುವ ಚಟದಿಂದಲೋ? ಎರಡನೆಯದೆಂದು ನನ್ನ ನಂಬಿಕೆ. ಆದರೆ ಕಣ್ಣಿಲ್ಲದ ಪ್ರೇಕ್ಷಕನೊಬ್ಬ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆ ನಾನು ಅಷ್ಟೇ ಜೋರಾಗಿ ನಗುತ್ತಿದ್ದೆನೇ ಎಂದು ಕೇಳಿಕೊಂಡರೆ ಉತ್ತರ ತಡವರಿಸುತ್ತದೆ. ಹೆಂಡತಿ ಜೋಕು, ಅತ್ತೆ-ಸೊಸೆ ಜೋಕುಗಳಿಗೂ ಇದೇ ಪರೀಕ್ಷೆ ಅನ್ವಯ.

2025ರ ಸೆಪ್ಟೆಂಬರ್ 29ರಂದು ಸರದೇಶಪಾಂಡೆ ಬೆಂಗಳೂರಿನಲ್ಲಿ ತೀರಿಕೊಂಡರು. ನಗಿಸುವವನ ಕೆಲಸ ಪುಸ್ತಕದಲ್ಲಿ ಉಳಿಯುವಂಥದ್ದಲ್ಲ. ಸಂಭಾಷಣೆ ಸಿಗಬಹುದು, ಆದರೆ ಯಾವ ಮಾತಿಗೆ ಎಷ್ಟು ತಡೆದು ಮುಂದೆ ಹೋಗುತ್ತಿದ್ದರು ಎಂಬುದು ಕಾಗದದ ಮೇಲೆ ಇರುವುದಿಲ್ಲ. ಕಂಪನಿಗಳ ಕಾಲದ ಎಷ್ಟೋ ಹಾಸ್ಯನಟರ ಹೆಸರೂ ಉಳಿದಿಲ್ಲ. ನಿಮ್ಮೂರಲ್ಲಿ ಅಂಥ ಹಿರಿಯರಿದ್ದರೆ ಫೋನಿನ ರೆಕಾರ್ಡರ್ ಒತ್ತಿ ಎದುರಿಗೆ ಕೂಡ್ರಿ. ಅವರು ಜೋಕು ಹೇಳದಿದ್ದರೂ ಪರವಾಗಿಲ್ಲ, ಸೀನು ಬದಲಾಗುವತನಕ ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿ.