ಜಾಲತಾಣದ ಸ್ಥಿರ ಕಡತಗಳು

ಹೈದರಾಬಾದಿನ ಸಗಟು ಮಾರುಕಟ್ಟೆಯಾದ ಬೇಗಂ ಬಜಾರಿನಲ್ಲಿ ವರ್ತಕರು ಒಣಹಣ್ಣು, ಮಸಾಲೆ, ಪಾತ್ರೆಗಳನ್ನು ಎಲ್ಲರಿಗೂ ಕಾಣುವಂತೆ ಜೋಡಿಸಿಡುತ್ತಾರೆ. ಲೆಕ್ಕದ ಪುಸ್ತಕವನ್ನು ಹಾಗೆ ಇಡುವುದಿಲ್ಲ. ಜಾಲತಾಣವನ್ನು ನಡೆಸುವ ಸಂಘ ಸಂಸ್ಥೆಗಳೂ ಈ ವಿವೇಕವನ್ನು ಪಾಲಿಸತಕ್ಕದ್ದು.

ಜಾಲತಾಣದ ಕೆಲವು ಪುಟಗಳನ್ನು ತಂತ್ರಾಂಶವು ಪ್ರತಿ ಕೋರಿಕೆಗೂ ಹೊಸದಾಗಿ ರಚಿಸುತ್ತದೆ. ಛಾಯಾಚಿತ್ರ, ಕನ್ನಡ ಫಾಂಟ್, ಆಮಂತ್ರಣದ ಪಿಡಿಎಫ್ ಮುಂತಾದವು ಮಾತ್ರ ಇದ್ದಂತೆಯೇ ರವಾನೆಯಾಗುತ್ತವೆ. ಇವೇ ಸ್ಥಿರ ಕಡತಗಳು. ಇವುಗಳಿಗೆ ಪ್ರತ್ಯೇಕ ಫೋಲ್ಡರನ್ನು ಮೀಸಲಿಡುವುದು ವಾಡಿಕೆ. ಫ್ಲಾಸ್ಕ್ ತಂತ್ರಾಂಶದಲ್ಲಿ ಅದಕ್ಕೆ 'ಸ್ಟ್ಯಾಟಿಕ್' ಎಂದೂ, ಎಕ್ಸ್‌ಪ್ರೆಸ್‌ನಲ್ಲಿ ರೂಢಿಯಿಂದ 'ಪಬ್ಲಿಕ್' ಎಂದೂ ಹೆಸರು. ಕೋರಿದ ಕಡತ ಅಲ್ಲಿದ್ದರೆ ಸರ್ವರ್ ಅದನ್ನು ಕಳುಹಿಸುತ್ತದೆ. ಇಲ್ಲದಿದ್ದರೆ 404 ಎಂದು ಉತ್ತರಿಸುತ್ತದೆ. ಓದುಗರ ಬ್ರೌಸರಿನಲ್ಲಿರುವ ಹಳೆಯ ಪ್ರತಿಯೇ ಸಾಕೆನಿಸಿದಾಗ 304 ಎಂದಷ್ಟೇ ತಿಳಿಸಿ ಮರುರವಾನೆಯ ಶ್ರಮವನ್ನು ಉಳಿಸುತ್ತದೆ.

ಬೇರೆ ಏರ್ಪಾಡು ಮಾಡದ ಹೊರತು, ಕೇಳುವವರು ಯಾರೆಂದು ಸರ್ವರ್ ವಿಚಾರಿಸುವುದಿಲ್ಲ. ಆದುದರಿಂದ ಸದಸ್ಯರ ದೂರವಾಣಿ ಸಂಖ್ಯೆ, ಮನೆಯ ವಿಳಾಸಗಳ ಪಟ್ಟಿಯನ್ನು ಈ ಫೋಲ್ಡರಿನಲ್ಲಿ ಇಡಲಾಗದು. ಕೊಂಡಿ ನೀಡದಿದ್ದರೆ ಯಾರಿಗೂ ಸಿಗದೆಂಬ ನಂಬಿಕೆ ಸಲ್ಲದು. ಕಡತದ ಹೆಸರನ್ನು ಊಹಿಸಿದವರಿಗೆ ಅದು ದೊರೆಯುತ್ತದೆ.

ಫೋಲ್ಡರಿನ ಗಡಿಯೂ ಭದ್ರವಾಗಿರಬೇಕು. ಅಪಾಚೆ ಸರ್ವರಿನ 2.4.49ನೆಯ ಆವೃತ್ತಿಯಲ್ಲಿ, ಮೇಲಿನ ಫೋಲ್ಡರನ್ನು ಸೂಚಿಸುವ ಎರಡು ಚುಕ್ಕೆಗಳನ್ನು ವಿಳಾಸದಲ್ಲಿ ಸಂಕೇತರೂಪದಲ್ಲಿ ಬರೆದು, ನಿರ್ಬಂಧವಿಲ್ಲದ ಹೊರಗಿನ ಕಡತಗಳನ್ನೂ ಓದಬಹುದಾಗಿತ್ತು. 2021ರ ಅಕ್ಟೋಬರಿನಲ್ಲಿ ಬಂದ 2.4.50ರ ತಿದ್ದುಪಡಿ ಸಾಲದೆ, ಅದೇ ತಿಂಗಳು 2.4.51 ಹೊರಬಂದಿತು. ಸರ್ವರನ್ನು ಕಾಲಕಾಲಕ್ಕೆ ನವೀಕರಿಸುವುದು ಅಗತ್ಯ.

ಸದಸ್ಯರ ಪಟ್ಟಿಯನ್ನು ಈ ಫೋಲ್ಡರಿನ ಹೊರಗಿರಿಸಿ, ಗುಪ್ತಪದವನ್ನು ಪರಿಶೀಲಿಸಿದ ನಂತರವೇ ತಂತ್ರಾಂಶದ ಮೂಲಕ ನೀಡುವುದು ಯುಕ್ತ. ಸಂಘವನ್ನು ನಂಬಿ ವಿವರ ಕೊಟ್ಟ ಕುಟುಂಬಗಳಿಗೆ ಸಲ್ಲಬೇಕಾದ ಕನಿಷ್ಠ ಗೌರವವಿದು.