ಕತೆಗಾರನ ಹೆಸರಿನ ಹಾಯಿಹಡಗು

ಪಂಪನ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಈಗಿನ ಕಾಲಕ್ಕೆ ಹಳಗನ್ನಡ ಯಾತಕ್ಕೆ?” ಎಂದು ಕೇಳಿದ. ಅಂದು ಏನೋ ಹೇಳಿ ಮುಂದೆ ಸಾಗಿದೆ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಆಮೇಲೆ ಜರ್ಮನ್ ನೌಕಾಪಡೆಯ ತರಬೇತಿ ಹಡಗುಗಳ ಚರಿತ್ರೆಯನ್ನು ಓದುವಾಗ ಅದೇ ಪ್ರಶ್ನೆ ಎದುರಾಯಿತು: ಎಂಜಿನ್ನಿನ ಕಾಲದಲ್ಲಿ ಹಾಯಿ ಕಟ್ಟುವುದನ್ನು ಏಕೆ ಕಲಿಸಬೇಕು? ಅಲ್ಲಿ ಅದು ಬರಿಯ ಚರ್ಚೆಯ ಮಾತಾಗಿರಲಿಲ್ಲ; ಎಳೆಯ ಪ್ರಾಣಗಳ ಮಾತಾಗಿತ್ತು.

1932ರ ಜುಲೈ 26. ‘ನಿಯೋಬೆ’ ಎಂಬ ತರಬೇತಿ ಹಡಗು ಬಾಲ್ಟಿಕ್ ಸಮುದ್ರದಲ್ಲಿ ಫೇಮಾರ್ನ್ ದ್ವೀಪದ ಬಳಿ ಸಾಗಿತ್ತು. ಹಠಾತ್ತಾಗಿ ಎದ್ದ ಬಿರುಗಾಳಿ ಹಡಗನ್ನು ಮಗುಚಿ ಹಾಕಿತು. ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು. ಸತ್ತವರು 69 ಮಂದಿ, ಬದುಕುಳಿದವರು 40.

ಇಷ್ಟಾದ ಮೇಲೆ ಹಾಯಿಯ ಸಹವಾಸವೇ ಸಾಕೆಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಹತ್ತು ತಿಂಗಳು ತುಂಬುವ ಮೊದಲೇ, 1933ರ ಮೇ 3ರಂದು, ಹ್ಯಾಂಬರ್ಗಿನಲ್ಲಿ ಹೊಸ ಹಾಯಿಹಡಗು ನೀರಿಗಿಳಿಯಿತು. ತೀರ ವಾಲಿದರೂ ಮತ್ತೆ ನೆಟ್ಟಗಾಗುವಂತೆ ಅದರ ತಳದಲ್ಲಿ ಭಾರವನ್ನು ತುಂಬಿದ್ದರು. ಹೆಸರು ‘ಗೋರ್ಖ್ ಫಾಕ್’. ಕನ್ನಡ ಮೇಷ್ಟರಾದ ನನಗೆ ಈ ಹೆಸರೇ ಹಿಡಿಸಿತು. ಅದು ಒಬ್ಬ ಕತೆಗಾರನ ಕಾವ್ಯನಾಮ. ನಿಜನಾಮ ಯೋಹಾನ್ ಕಿನಾವ್, ಬೆಸ್ತರ ಮಗ. ತನ್ನ ಸೀಮೆಯ ಆಡುನುಡಿಯಲ್ಲೂ ಬರೆದವನು. 1916ರಲ್ಲಿ ಜಟ್ಲೆಂಡ್ ಕದನದಲ್ಲಿ ತಾನಿದ್ದ ಯುದ್ಧನೌಕೆಯೊಡನೆ ಮುಳುಗಿ ಮಡಿದನು.

1945ರಲ್ಲಿ, ಶತ್ರುಗಳ ಕೈಸೇರದಿರಲೆಂದು, ಹಡಗನ್ನು ಅದರ ಜನರೇ ಮುಳುಗಿಸಿದರು. ಸೋವಿಯೆತ್ತಿನವರು ಅದನ್ನು ಮೇಲೆತ್ತಿ, ‘ತೊವಾರಿಶ್’ ಎಂದು ಹೆಸರಿಟ್ಟು, ತಮ್ಮ ಹುಡುಗರಿಗೆ ಕಲಿಸಲು ಬಳಸಿದರು! ಮುಂದೆ ಅದು ಜರ್ಮನಿಗೆ ಮರಳಿತು; 2003ರಲ್ಲಿ ಸ್ಟ್ರಾಲ್‌ಸುಂಡ್ ಬಂದರಿಗೆ ಬಂದು ವಸ್ತುಸಂಗ್ರಹಾಲಯವಾಯಿತು.

ಈ ನಡುವೆ, 1957ರ ಸೆಪ್ಟೆಂಬರ್‌ನಲ್ಲಿ, ‘ಪಾಮಿರ್’ ಎಂಬ ಸರಕಿನ ಹಾಯಿಹಡಗು ಅಟ್ಲಾಂಟಿಕ್‌ನ ಚಂಡಮಾರುತಕ್ಕೆ ಸಿಕ್ಕಿತು. ಬಾರ್ಲಿಯನ್ನು ಚೀಲ ಕಟ್ಟದೆ ಸುರಿದು ತುಂಬಿದ್ದರು. ಕಾಳು ಒಂದು ಕಡೆಗೆ ಜಾರಿತು. 86 ಮಂದಿಯಲ್ಲಿ ಉಳಿದವರು ಆರು ಜನ. ಸತ್ತವರಲ್ಲಿ ಕಲಿಯಲು ಬಂದ ಹುಡುಗರೇ ಬಹಳ. ಆದರೂ 1958ರ ಆಗಸ್ಟ್ 23ರಂದು ಎರಡನೆಯ ‘ಗೋರ್ಖ್ ಫಾಕ್’ ನೀರಿಗಿಳಿಯಿತು. ಅದು ಇಂದಿಗೂ ಸೇವೆಯಲ್ಲಿದೆ. ಅದಕ್ಕೂ ಕಳಂಕ ತಪ್ಪಲಿಲ್ಲ: 2010ರಲ್ಲಿ ಬ್ರೆಜಿಲ್ಲಿನ ಬಂದರಿನಲ್ಲಿ ತರುಣಿಯೊಬ್ಬಳು ಕೂವೆಮರದ ಮೇಲಿನಿಂದ ಬಿದ್ದು ತೀರಿಕೊಂಡಳು. ಒಂದು ಕೋಟಿ ಯೂರೋ ಎಂದು ಆರಂಭವಾದ ದುರಸ್ತಿ ಹದಿಮೂರೂವರೆ ಕೋಟಿಗೆ ಮುಟ್ಟಿ, 2021ರಲ್ಲಿ ಮುಗಿಯಿತು.

ಹಾಗಾದರೆ ಲಾಭವೇನು? ಹಾಯಿಯ ಹಗ್ಗವನ್ನು ಒಬ್ಬನೇ ಎಳೆಯಲಾರ. ಹತ್ತು ಕೈ ಒಂದಾಗಬೇಕು. ಗಾಳಿಯ ಬಲ, ಅಲೆಯ ಗತಿ ಮೈಗೆ ತಿಳಿಯಬೇಕು. ಗುಂಡಿ ಒತ್ತಿದರೆ ಬರುವ ತಿಳಿವಲ್ಲ ಇದು. ನಮ್ಮ ನೌಕಾಪಡೆಯೂ ಇದನ್ನು ಒಪ್ಪಿಯೇ ಗೋವೆಯಲ್ಲಿ ಕಟ್ಟಿದ ‘ತರಂಗಿಣಿ’ಯನ್ನು 1997ರಲ್ಲಿ ಸೇವೆಗೆ ಸೇರಿಸಿತು.

ಹಳೆಯ ವಿದ್ಯೆಯನ್ನು ಕಲಿಸುವ ಹಠ ಸಲ್ಲುವುದೇ. ಆದರೆ ಹಠ ಹಿಡಿದವನು ಹಡಗಿನ ತಳಕ್ಕೆ ಭಾರವನ್ನೂ ಹಾಕಬೇಕು. ಕಲಿಯುವವನ ಕ್ಷೇಮದ ಹೊಣೆ ಕಲಿಸುವವನದು. ನನ್ನ ತರಗತಿಯಲ್ಲಿ ಮುಳುಗುವ ಭಯವಿಲ್ಲ, ತೂಕಡಿಸುವ ಭಯ ಮಾತ್ರ. ಆ ಹುಡುಗನ ಪ್ರಶ್ನೆಗೆ ನಾನು ಇನ್ನೂ ಚೆನ್ನಾಗಿ ಉತ್ತರಿಸಬೇಕಾಗಿತ್ತು.