ಡಚ್ಚರ ದಾರಿಯಲ್ಲಿ ಗುಂಡು, ಬಾಣ ಮತ್ತು ಬೆಲ್ಟು

ಚಳಿ ಕಳೆದು ವಸಂತ ಕಾಲಿಟ್ಟಿತೆಂದರೆ, ನೆದರ್ಲೆಂಡ್ಸ್‌ನ ಹಳ್ಳಿದಾರಿಗಳಲ್ಲಿ ಭಾನುವಾರದ ಹೊತ್ತು ಹಳೆಯ ಕಾರುಗಳ ಮೆರವಣಿಗೆ ಕಣ್ಣಿಗೆ ಬೀಳುತ್ತದೆ. ಕಾರುಪ್ರೇಮಿಗಳ ಕ್ಲಬ್ಬುಗಳು ಏರ್ಪಡಿಸುವ ಸಾಮೂಹಿಕ ಸವಾರಿ ಇದು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಒಬ್ಬರು ಚಕ್ರ ಹಿಡಿದರೆ, ಪಕ್ಕದಲ್ಲಿ ಕುಳಿತವರು ತೊಡೆಯ ಮೇಲಿನ ಕಾಗದದ ಕಟ್ಟು ನೋಡಿ ದಾರಿ ಹೇಳುತ್ತಾರೆ. ದಾರಿ ತಪ್ಪಿದರೆ ಜಗಳ, ತಪ್ಪದಿದ್ದರೆ ನಡುವೆ ಎಲ್ಲೋ ಕಾಫಿ.

ದಾರಿ ತಪ್ಪಲು ಅಲ್ಲಿನ ನೆಲವೇ ಸಾಕು. ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರು ಬಸಿದು ಪಡೆದ ಇಂಥ ನೆಲಕ್ಕೆ ‘ಪೋಲ್ಡರ್’ ಎಂದು ಹೆಸರು. 1612ರಲ್ಲಿ ಸರೋವರ ಬರಿದಾಗಿಸಿ ಮಾಡಿದ ಬೇಮ್‌ಸ್ಟರ್ ಪೋಲ್ಡರ್‌ನಲ್ಲಿ ರಸ್ತೆ, ಕಾಲುವೆ, ಹೊಲ ಎಲ್ಲವೂ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಒಂದು ಕೂಡುರಸ್ತೆಗೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ನದಿದಂಡೆಯ ಹಳೆಯ ಏರಿಗಳ ಮೇಲಿನ ರಸ್ತೆಗಳಾದರೋ ಇದಕ್ಕೆ ತದ್ವಿರುದ್ಧ. ಹೊಳೆ ತಿರುಗಿದಲ್ಲೆಲ್ಲ ತಾವೂ ತಿರುಗುತ್ತವೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು.

ಸವಾರಿಗೆ ಕೊಡುವ ದಾರಿಪುಸ್ತಕದಲ್ಲಿ ಬರಹಕ್ಕಿಂತ ಚಿತ್ರಗಳೇ ಹೆಚ್ಚು. ಪ್ರತಿ ಕೂಡುರಸ್ತೆಗೂ ಒಂದು ಪುಟ್ಟ ಗೆರೆಚಿತ್ರ: ಒಂದು ತುದಿಯಲ್ಲಿ ಗುಂಡು, ಇನ್ನೊಂದರಲ್ಲಿ ಬಾಣ. ಗುಂಡಿನ ಕಡೆಯಿಂದ ಬಂದು ಬಾಣದ ಕಡೆಗೆ ಹೋಗಬೇಕು. ಪಕ್ಕದಲ್ಲಿ ಕಿಲೋಮೀಟರ್ ಲೆಕ್ಕ. ಊರಿನ ಹೆಸರು, ಭಾಷೆ ಯಾವುದೂ ಬೇಕಿಲ್ಲ. ಇದಕ್ಕೆ ಜಗತ್ತಿನಾದ್ಯಂತ ‘ಟುಲಿಪ್’ ಎಂಬ ಹೆಸರು ಬಂದದ್ದು 1949ರಲ್ಲಿ ಹಾಲೆಂಡಿನಲ್ಲಿ ಆರಂಭವಾದ ಟುಲಿಪ್ ರ‍್ಯಾಲಿಯಿಂದ. ಕರ್ನಾಟಕದ ರ‍್ಯಾಲಿಗಳಲ್ಲೂ ದಾರಿ ಹೇಳುವವರ ಕೈಯಲ್ಲಿರುವುದು ಇದೇ ಟುಲಿಪ್. ಹೂವಿಗೂ ಚಿತ್ರಕ್ಕೂ ಹೋಲಿಕೆ ಹುಡುಕಿದರೆ ಸಿಗದು!

ಮೆರವಣಿಗೆಯಲ್ಲಿ ಜರ್ಮನಿಯದು, ಇಂಗ್ಲೆಂಡಿನದು ಎಂದು ಹೊಳೆಯುವ ಕಾರುಗಳು ಅನೇಕ. ಆದರೆ ಡಚ್ಚರು ‘ನಮ್ಮದು’ ಎನ್ನುವುದು ಡಾಫ್ ಎಂಬ ಪುಟ್ಟ ಕಾರನ್ನು. ಹುಬ್ ವಾನ್ ಡೋರ್ನ್ ಎಂಬಾತ 1928ರಲ್ಲಿ ಐಂಡ್‌ಹೋವನ್‌ನಲ್ಲಿ ತೆರೆದ ಕಮ್ಮಾರಿಕೆಯ ಕಾರ್ಯಾಗಾರವೇ ಬೆಳೆದು ಟ್ರೇಲರ್, ಆಮೇಲೆ ಲಾರಿ ತಯಾರಿಸುವ ಕಾರ್ಖಾನೆಯಾಯಿತು. 1958ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದರ ಮೊದಲ ಕಾರು ‘ಡಾಫ್ 600’ ಜನರೆದುರು ನಿಂತಿತು. ಎರಡು ಸಿಲಿಂಡರಿನ, ಗಾಳಿಯಿಂದಲೇ ತಂಪಾಗುವ 590 ಸಿ.ಸಿ. ಎಂಜಿನ್. ಎಂಜಿನ್ ಹೇಳಿಕೊಳ್ಳುವಂಥದಲ್ಲ, ಕಾರಿನ ಹೆಚ್ಚುಗಾರಿಕೆ ಅದರ ‘ವೇರಿಯೋಮ್ಯಾಟಿಕ್’ನಲ್ಲಿತ್ತು.

ಗೇರುಗಳ ಬದಲು ಅದರಲ್ಲಿ ಎರಡು ರಬ್ಬರ್ ಬೆಲ್ಟುಗಳಿದ್ದವು. ಅವು ಸುತ್ತುವ ಪುಲ್ಲಿಗಳ ಎರಡು ಹೋಳುಗಳು ಹತ್ತಿರವಾದರೆ ಬೆಲ್ಟು ಅಂಚಿಗೆ ಏರುತ್ತದೆ, ದೂರವಾದರೆ ಒಳಗೆ ಇಳಿಯುತ್ತದೆ. ಸೈಕಲ್ಲಿನ ಹಲ್ಲುಚಕ್ರ ಸವಾರಿಯ ನಡುವೆಯೇ ತಾನಾಗಿ ಹಿಗ್ಗಿ ಕುಗ್ಗಿದರೆ ಹೇಗೋ ಹಾಗೆ. ಕ್ಲಚ್ ತುಳಿಯಬೇಕಿಲ್ಲ, ಗೇರು ಬದಲಿಸಬೇಕಿಲ್ಲ. ನಮ್ಮ ಬೀದಿಗಳ ಗೇರಿಲ್ಲದ ಸ್ಕೂಟರಿನ ಹೊಟ್ಟೆಯಲ್ಲಿರುವುದೂ ಇದೇ ತತ್ವ.

ಇಷ್ಟು ಸಲೀಸಾದದ್ದೇ ಡಾಫ್‌ಗೆ ಮುಳುವಾಯಿತೆನ್ನಬೇಕು. ಗೇರು ಹಾಕಲು ಬಾರದವರ ಕಾರು, ಅಜ್ಜಿಯರ ಕಾರು ಎಂದು ಅದನ್ನು ಆಡಿಕೊಂಡವರೇ ಹೆಚ್ಚು. ಹಿಮ್ಮುಖವಾಗಿಯೂ ಮುಂದೆ ಹೋಗುವಷ್ಟೇ ವೇಗದಲ್ಲಿ ಓಡಬಲ್ಲದೆಂಬುದು ಇನ್ನೊಂದು ವಿಶೇಷ. ಇದೂ ತಮಾಷೆಯ ವಸ್ತುವಾಯಿತು. ಹಿಮ್ಮುಖ ಓಟದ ಪಂದ್ಯಗಳು ಟೆಲಿವಿಷನ್ನಿನಲ್ಲಿ ಬಂದವು; ನೋಡುಗರು ನಕ್ಕರು, ಎಷ್ಟೋ ಡಾಫ್‌ಗಳು ಅಲ್ಲಿಯೇ ನುಜ್ಜುಗುಜ್ಜಾದವು. ಈಗ ಅದೇ ಕಾರನ್ನು ಉಜ್ಜಿ ಒರೆಸಿ ಸವಾರಿಗೆ ತರುವವರನ್ನು ಕಂಡರೆ, ನಕ್ಕವರ ಪರವಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೇನೋ ಅನ್ನಿಸಬೇಕು.

ಡಾಫ್‌ನ ಕಾರು ವಿಭಾಗ ಸ್ವಂತ ಕಾಲ ಮೇಲೆ ನಿಲ್ಲಲಿಲ್ಲ. 1967ರಲ್ಲಿ, ಕಲ್ಲಿದ್ದಲ ಗಣಿಗಳು ಮುಚ್ಚುತ್ತಿದ್ದ ಲಿಂಬರ್ಗ್ ಪ್ರಾಂತ್ಯದ ಬೋರ್ನ್‌ನಲ್ಲಿ ಅದರ ಹೊಸ ಕಾರ್ಖಾನೆ ಬಂದಾಗ, ಕೆಲಸ ಹೋಗಲಿದ್ದವರಿಗೆ ಆಸೆ ಮೂಡಿತ್ತು. 1975ರಲ್ಲಿ ಸ್ವೀಡನ್ನಿನ ವೋಲ್ವೋ ಆ ವಿಭಾಗದ ಹಿಡಿತ ಪಡೆಯಿತು. ಲಾರಿಗಳ ಮೇಲೆ ಡಾಫ್ ಹೆಸರು ಉಳಿಯಿತು, ಕಾರುಗಳಿಂದ ಅಳಿಸಿಹೋಯಿತು. ಡಾಫ್ ಕೈಯಲ್ಲಿ ರೂಪುಗೊಳ್ಳುತ್ತಿದ್ದ ಕಾರು 1976ರಲ್ಲಿ ‘ವೋಲ್ವೋ 343’ ಎಂಬ ಹೆಸರಿನಲ್ಲಿ, ಆದರೆ ಅದೇ ಬೆಲ್ಟಿನೊಂದಿಗೆ, ಹೊರಬಂತು. ಬೇರೆಯವರ ಮನೆಗೆ ದತ್ತುಹೋದ ಮಗು.

ಕ್ಲಬ್ಬುಗಳ ಈಗಿನ ಕಳವಳ ತೆರಿಗೆಯದು. ಒಂದು ಕಾಲದಲ್ಲಿ 25 ವರ್ಷ ತುಂಬಿದ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. 2014ರಿಂದ 40 ವರ್ಷ ಆಗಲೇಬೇಕೆಂದು ಸರ್ಕಾರ ಬಿಗಿಮಾಡಿತು. ದಿನನಿತ್ಯ ಓಡಾಡಲು ಅಗ್ಗದ ಹಳೆಯ ಡೀಸೆಲ್ ಕಾರುಗಳನ್ನು ತರಿಸಿಕೊಂಡವರಿಂದಾಗಿ ಬಂದ ಕಟ್ಟಳೆಗೆ ಭಾನುವಾರದ ಹವ್ಯಾಸಿಗಳೂ ಸಿಕ್ಕಿಬಿದ್ದರು. ನಡುವಯಸ್ಸಿನ ಪೆಟ್ರೋಲ್ ಕಾರುಗಳಿಗೆ ಮಾತ್ರ ಸಣ್ಣದೊಂದು ರಿಯಾಯಿತಿ: ತೆರಿಗೆ ಕಾಲುಭಾಗ, ಅದಕ್ಕೊಂದು ಗರಿಷ್ಠ ಮಿತಿ; 2014ರಲ್ಲಿ ಅದು 120 ಯೂರೋ ಇತ್ತು. ಅದಕ್ಕೆ ಪ್ರತಿಯಾಗಿ ಡಿಸೆಂಬರ್, ಜನವರಿ, ಫೆಬ್ರುವರಿ ತಿಂಗಳಲ್ಲಿ ಕಾರು ಸಾರ್ವಜನಿಕ ರಸ್ತೆಗೆ ಬರಕೂಡದು.

1958ರ ಡಾಫ್‌ಗೆ ಇದರ ಗೊಡವೆಯಿಲ್ಲ, ಅದು ಎಂದೋ 40 ದಾಟಿದೆ. ಸಿಕ್ಕಿಕೊಂಡದ್ದು ದತ್ತುಮಗುವಿನ ಕಡೆಯ ಸಂತಾನ. 343ರ ವಂಶದ ಕಾರುಗಳು 1991ರವರೆಗೂ ತಯಾರಾದವು; 1988ಕ್ಕೆ ಮೊದಲು ರಸ್ತೆಗಿಳಿದವಕ್ಕಷ್ಟೇ ಈ ರಿಯಾಯಿತಿ. ನಂತರದವು ಪೂರ್ತಿ ತೆರಿಗೆ ಕಟ್ಟಬೇಕು, ಇಲ್ಲವೇ ಗುಜರಿ ಸೇರಬೇಕು. ರಿಯಾಯಿತಿ ಸಿಕ್ಕವು ಮೂರು ತಿಂಗಳು ಗ್ಯಾರೇಜಿನಲ್ಲಿ ಮುಸುಕು ಹೊದ್ದು ನಿಂತು, ಮಾರ್ಚ್ 1ರಂದು ಮತ್ತೆ ಏರಿಯ ದಾರಿ ಹಿಡಿಯುತ್ತವೆ.